ಪ್ರವಾಸಿಗಳಿಗೆ ಹೇಳುವ ಬುದ್ಧಿಮಾತು

ಕಾದಂಬರಿಗೆ ವಿಮರ್ಶೆ ಇದೆ, ಕವಿತೆಗೆ ಇದೆ, ಪ್ರವಾಸ ಕಥನಕ್ಕೂ ಇದೆ. ಆದರೆ ಪರದೇಶಕ್ಕೆ ಹೊರಟವರ ಕೈಗೆ ಕೊಡುವ ‘ಪ್ರವಾಸಿಗಳಿಗೆ ಸಲಹೆಗಳು’ ಎಂಬ ಬರಹವನ್ನು ವಿಮರ್ಶೆಗೆ ಎತ್ತಿಕೊಂಡವರು ನನ್ನ ಕಣ್ಣಿಗೆ ಬಿದ್ದಿಲ್ಲ. ಅದೇನು ಸಾಹಿತ್ಯವೇ, ಬೇಕಾದಾಗ ಓದಿ ಮಡಿಸಿಡುವ ಕಾಗದ ಎಂದು ಎಲ್ಲರೂ ತಿಳಿದಂತಿದೆ. ಹಾಗೆ ನೋಡಿದರೆ, ಕಾಣದ ದೇಶದ ಮೊದಲ ಚಿತ್ರ ನಮ್ಮ ಮನಸ್ಸಿನಲ್ಲಿ ಮೂಡುವುದು ಈ ಕಾಗದದಿಂದಲೇ. ಅದರಲ್ಲೂ ನಾವು ಹೆಂಗಸರು ಬುದ್ಧಿಮಾತು ಕೇಳಿಯೇ ಬೆಳೆದವರು. ‘ಜೋಪಾನ’ ಎಂಬ ಮಾತು ಬೆನ್ನಿಗೆ ಬೀಳದೆ ಹೊಸಿಲು ದಾಟಿದ ದಿನ ನನಗಂತೂ ನೆನಪಿಲ್ಲ. ಯಾವ ಬುದ್ಧಿಮಾತು ಕಾಯುತ್ತದೆ, ಯಾವುದು ಕಟ್ಟಿಹಾಕುತ್ತದೆ ಎಂದು ತೂಗಿ ಹೇಳುವ ಅಧಿಕಾರ ಯಾರಿಗಾದರೂ ಇದ್ದರೆ ಅದು ನಮಗೇ ಇರಬೇಕು.

ಈ ಅಧಿಕಾರ ಚಲಾಯಿಸಲು ನನಗೆ ಸಿಕ್ಕಿದ ದೇಶ ಪೂರ್ವ ಆಫ್ರಿಕಾದ ಕೀನ್ಯಾ. ತಂಗಿಯ ಗಂಡನಿಗೆ ನೈರೋಬಿಯಲ್ಲಿ ಕೆಲಸ. ಒಂದು ಜುಲೈ ತಿಂಗಳಲ್ಲಿ ಮೂರು ವಾರ ಅವರ ಮನೆಯಲ್ಲಿದ್ದು ಬಂದೆ. ಹೊರಡುವ ಮುಂಚೆ ಇಂಗ್ಲಿಷಿನ ನಾಲ್ಕು ಮಾರ್ಗದರ್ಶಿ ಪುಸ್ತಕಗಳ ಸಲಹೆಯ ಪುಟಗಳನ್ನು ಓದಿದ್ದೆ. ಬಂದ ಮೇಲೆ ಇನ್ನೊಮ್ಮೆ ಓದಿದೆ. ಈ ಎರಡನೆಯ ಓದಿನಿಂದ ಹುಟ್ಟಿದ ಮಾತುಗಳು ಇವು.

ಮೊದಲು ಈ ಪುಟಗಳ ವ್ಯಾಕರಣ ನೋಡಿ. ವಾಕ್ಯಗಳೆಲ್ಲ ಹೆಚ್ಚಾಗಿ ‘ಬೇಡಿ’ಯಲ್ಲಿ ಮುಗಿಯುತ್ತವೆ. ನಲ್ಲಿ ನೀರು ಕುಡಿಯಬೇಡಿ, ಕತ್ತಲಾದ ಮೇಲೆ ನಡೆಯಬೇಡಿ, ಒಡವೆ ಹಾಕಿಕೊಳ್ಳಬೇಡಿ, ಕಾಡಿನಲ್ಲಿ ಗಾಡಿಯಿಂದ ಇಳಿಯಬೇಡಿ, ಸರ್ಕಾರಿ ಕಟ್ಟಡಗಳ ಫೋಟೋ ತೆಗೆಯಬೇಡಿ. ಒಂದೊಂದಾಗಿ ತೆಗೆದುಕೊಂಡರೆ ಎಲ್ಲವೂ ಸರಿಯಾದ ಮಾತೇ. ಉಪ್ಪು, ಹುಳಿ, ಖಾರ ಒಂದೊಂದೂ ಚೆನ್ನಾಗಿದ್ದು ಸಾರು ಮಾತ್ರ ಕೆಟ್ಟಿರುವುದಿಲ್ಲವೇ, ಹಾಗೆ ಇಲ್ಲಿ ಕೆಟ್ಟಿರುವುದು ಒಟ್ಟು ಹದ. ಇಷ್ಟು ‘ಬೇಡಿ’ಗಳ ನಡುವೆ ಆ ದೇಶದ ಮನುಷ್ಯರು ಹೇಗೆ ಬರುತ್ತಾರೆ ಎಂದು ಹುಡುಕಿದೆ. ಡ್ರೈವರ್ ಬರುತ್ತಾನೆ, ಹೋಟೆಲಿನ ಮಾಣಿ ಬರುತ್ತಾನೆ, ಕಾವಲುಗಾರ ಬರುತ್ತಾನೆ, ಕಳ್ಳನಂತೂ ಪುಟಕ್ಕೆ ಎರಡು ಸಲ ಬರುತ್ತಾನೆ. ಕೆಂಪು ಬಟ್ಟೆ ಹೊದ್ದ ಮಸಾಯಿ ಫೋಟೋಕ್ಕೆ ನಿಲ್ಲುತ್ತಾನೆ, ಅವನಿಗೆ ಎಷ್ಟು ಕೊಡಬೇಕೆಂಬ ಸೂಚನೆ ಸಮೇತ. ದಾರಿ ತಪ್ಪಿದರೆ ಕೇಳಬಹುದಾದ ಒಬ್ಬ ಹೆಂಗಸು ಮಾತ್ರ ಆ ನಾಲ್ಕೂ ಪುಸ್ತಕಗಳಲ್ಲಿ ಸಿಗಲಿಲ್ಲ.

ಆಫ್ರಿಕಾದ ಬಗ್ಗೆ ಹೊರಗಿನವರು ಬರೆಯುವ ಈ ರೀತಿಯನ್ನು ಕೀನ್ಯಾದವರೇ ಆದ ಲೇಖಕ ಬಿನ್ಯವಾಂಗ ವೈನೈನಾ 2005ರಲ್ಲಿ ‘ಗ್ರಾಂಟಾ’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಚೆನ್ನಾಗಿ ಗೇಲಿ ಮಾಡಿದ್ದರು. ಆಫ್ರಿಕಾದ ಬಗ್ಗೆ ಬರೆಯುವುದು ಹೇಗೆ ಎಂದು ಬರಹಗಾರರಿಗೆ ಬುದ್ಧಿ ಹೇಳುವ ಸೋಗಿನ ಲೇಖನ ಅದು. ಬುದ್ಧಿಮಾತಿನ ಧಾಟಿಯನ್ನೇ ಎತ್ತಿಕೊಂಡು ಬುದ್ಧಿ ಹೇಳುವವರನ್ನು ಕೆಣಕಿದ್ದರು. ವೈನೈನಾ 2019ರಲ್ಲಿ ತೀರಿಕೊಂಡರು. ಅವರು ಗುರಿಯಿಟ್ಟದ್ದು ದೊಡ್ಡ ಲೇಖಕರಿಗೆ. ನಾನು ಹೇಳುತ್ತಿರುವುದು ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೂತಿರುವ, ಯಾರೂ ಅನುಮಾನಿಸದ ಪುಟಗಳ ಮಾತು.

ಈ ಪುಟಗಳ ಮೊದಲ ದೋಷ ಅಪಾಯಗಳನ್ನು ಜೋಡಿಸಿರುವ ಕ್ರಮದಲ್ಲಿದೆ. ಸಿಂಹ, ಆನೆ, ದರೋಡೆ ಮೊದಲು ಬರುತ್ತವೆ. ಸೊಳ್ಳೆ ಮತ್ತು ರಸ್ತೆ ಕೊನೆಗೆ. ನಿಜದಲ್ಲಿ ಲೆಕ್ಕ ತಲೆಕೆಳಗು. ಕೀನ್ಯಾದ ರಸ್ತೆಗಳಲ್ಲಿ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ‘ಮಟಾಟು’ ಎಂಬ ಖಾಸಗಿ ವ್ಯಾನುಗಳು, ‘ಬೋಡಾ ಬೋಡಾ’ ಎಂಬ ಬಾಡಿಗೆ ಬೈಕುಗಳು ಅಲ್ಲಿನ ಜೀವನಾಡಿ. ಹತ್ತುವ ಮುಂಚೆ ಯೋಚಿಸಬೇಕಾದ ಗಾಡಿಗಳೂ ಅವೇ. ಬೈಕಿನಲ್ಲಿ ಹೆಲ್ಮೆಟ್, ಕಾರಿನಲ್ಲಿ ಬೆಲ್ಟು, ರಾತ್ರಿಯಲ್ಲಿ ದೂರದ ರಸ್ತೆ ಪ್ರಯಾಣ ಬೇಡ, ಈ ಮೂರು ಮಾತು ಸಿಂಹಕ್ಕಿಂತ ಮೊದಲು ಬರಬೇಕಿತ್ತು. ಮಲೇರಿಯಾದ ವಿಷಯವೂ ಹೀಗೇ. ನೈರೋಬಿ ಸುಮಾರು 1,700 ಮೀಟರ್ ಎತ್ತರದ ಊರು, ಅಲ್ಲಿ ಮಲೇರಿಯಾದ ಭಯ ಕಡಿಮೆ. ಮೊಂಬಾಸಾದ ಕರಾವಳಿ, ವಿಕ್ಟೋರಿಯಾ ಸರೋವರದ ತೀರ, ಇಲ್ಲಿ ಭಯ ಹೆಚ್ಚು. ಎಲ್ಲಿಗೆ ಹೋಗುತ್ತೀರಿ ಎಂದು ಡಾಕ್ಟರಿಗೆ ಹೇಳಿ, ಹೊರಡುವ ಮೊದಲೇ ಮಾತ್ರೆ ಶುರುಮಾಡಿ, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು. ಊರಿಗೆ ಬಂದ ಮೇಲೆ ಜ್ವರ ಬಂದರೆ ‘ಆಫ್ರಿಕಾಕ್ಕೆ ಹೋಗಿದ್ದೆ’ ಎಂಬುದನ್ನು ಡಾಕ್ಟರ ಕಿವಿಗೆ ಮೊದಲು ಹಾಕಬೇಕು. ಈ ಕೊನೆಯ ಮಾತು ಜೀವ ಉಳಿಸುವಂಥದ್ದು. ಒಂದು ಪುಸ್ತಕ ಮಾತ್ರ ಅದನ್ನು ಒಂದು ಸಾಲಿನಲ್ಲಿ ಹೇಳಿದೆ.

ಎರಡನೆಯ ದೋಷ, ಈ ಬರಹದ ‘ನೀವು’ ಯಾರು ಎಂಬುದು. ಆ ‘ನೀವು’ ನಾನಲ್ಲ ಎಂದು ಎರಡನೇ ಪುಟಕ್ಕೇ ತಿಳಿದುಹೋಗುತ್ತದೆ. ಆತ ಯುರೋಪಿನವನು, ಮೈಮೇಲೆ ಬಿಸಿಲಿಗೆ ಕೆಂಪಾಗುವ ಚರ್ಮ, ಜೇಬಿನಲ್ಲಿ ಡಾಲರ್. ಅವನಿಗೆ ಬೇಕಾದ ಮಾತೆಲ್ಲ ಇದೆ, ನಮಗೆ ಬೇಕಾದ್ದು ಇಲ್ಲ. ಉದಾಹರಣೆಗೆ ಹಳದಿ ಜ್ವರದ ಚುಚ್ಚುಮದ್ದು. ಭಾರತದಿಂದ ನೇರವಾಗಿ ಹೋದವರನ್ನು ಕೀನ್ಯಾದವರು ಇದಕ್ಕಾಗಿ ತಡೆಯುವುದಿಲ್ಲ. ತಡೆಯುವುದು ನಮ್ಮವರೇ, ಹಿಂದಿರುಗಿ ಬಂದಾಗ. ಪ್ರಮಾಣಪತ್ರವಿಲ್ಲದೆ ಕೀನ್ಯಾದಿಂದ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮ ನಮ್ಮ ದೇಶದಲ್ಲಿದೆ. ಚುಚ್ಚಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. 2016ರಿಂದ ಈಚೆಗೆ ಒಮ್ಮೆ ಪಡೆದರೆ ಬದುಕಿರುವವರೆಗೂ ಸಾಕು. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಒಗ್ಗದವರು ಮೊದಲು ಡಾಕ್ಟರನ್ನು ಕೇಳಬೇಕು, ಏಕೆಂದರೆ ಈ ಲಸಿಕೆಯನ್ನು ಬೆಳೆಸುವುದು ಕೋಳಿಮೊಟ್ಟೆಯಲ್ಲಿ. ಮಗಳ ಬಾಣಂತನಕ್ಕೆಂದು ಹೊರಡುವ ನಮ್ಮಂಥ ಅಜ್ಜಿಯರಿಗೆ ಎಷ್ಟು ಮುಖ್ಯವಾದ ಮಾತು ನೋಡಿ! ಲಂಡನ್ನಿನ ಓದುಗನಿಗೆ ಇದು ಬೇಕಾಗಿಲ್ಲ, ಹಾಗಾಗಿ ಪುಸ್ತಕದಲ್ಲಿ ಇಲ್ಲ.

ಇನ್ನೊಂದು ಪ್ಲಾಸ್ಟಿಕ್ಕಿನದು. ನಮ್ಮ ಹೆಂಗಸರ ಪೆಟ್ಟಿಗೆ ನಿಮಗೆ ಗೊತ್ತೇ ಇದೆ. ಚಟ್ನಿಪುಡಿ ಒಂದು ಕವರಿನಲ್ಲಿ, ಅದರ ಮೇಲೆ ಇನ್ನೊಂದು ಕವರ್, ಉಪ್ಪಿನಕಾಯಿಗೆ ಮೂರು. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಕಾನೂನಿನಲ್ಲಿ ಹೇಳಿರುವ ದಂಡ 40 ಲಕ್ಷ ಶಿಲಿಂಗ್‌ವರೆಗೆ, ಇಲ್ಲವೇ ನಾಲ್ಕು ವರ್ಷಗಳವರೆಗೆ ಜೈಲು. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ. ನಮ್ಮ ಅಜ್ಜಿಯರ ಬಟ್ಟೆಚೀಲ, ಸ್ಟೀಲ್ ಡಬ್ಬ, ತಾಮ್ರದ ಚೊಂಬು ಆ ದೇಶಕ್ಕೆ ಸರಿಯಾದ ಸಾಮಾನು. ವೀಸಾದ ವಿಷಯದಲ್ಲೂ ಹಳೆಯ ಪುಸ್ತಕ ನಂಬಿದರೆ ಕೆಟ್ಟಂತೆ. 2024ರ ಜನವರಿಯಿಂದ ಅಲ್ಲಿ ವೀಸಾ ಪದ್ಧತಿಯನ್ನೇ ತೆಗೆದು, ಮುಂಚಿತವಾಗಿ ಕಂಪ್ಯೂಟರ್‌ನಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯುವ ಕ್ರಮ ತಂದಿದ್ದಾರೆ. ಬುದ್ಧಿಮಾತು ಹಾಲಿನ ಹಾಗೆ, ಇಟ್ಟಷ್ಟೂ ಒಡೆಯುತ್ತದೆ.

‘ಮಹಿಳೆಯರಿಗೆ’ ಎಂಬ ತಲೆಬರಹದ ಭಾಗ ಎಲ್ಲ ಪುಸ್ತಕಗಳಲ್ಲೂ ಇದೆ, ಅರ್ಧ ಪುಟ. ಮೈತುಂಬ ಬಟ್ಟೆ ಹಾಕಿ, ರಾತ್ರಿ ಒಬ್ಬರೇ ಹೋಗಬೇಡಿ, ಬೆರಳಿಗೆ ಉಂಗುರ ಹಾಕಿಕೊಂಡರೆ ಕಾಟ ಕಡಿಮೆ. ಇದನ್ನು ಓದಿ ನನಗೆ ನಗು ಬಂತು. ಇಷ್ಟು ತಿಳಿಯಲು ನಾನು ಇಂಗ್ಲಿಷ್ ಪುಸ್ತಕ ತೆರೆಯಬೇಕಿತ್ತೇ? ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಿದ್ದಳು. ಒಂದು ಪುಸ್ತಕ ತಿಂಗಳ ಮುಟ್ಟಿಗೆ ಬೇಕಾದುದನ್ನೆಲ್ಲ ಮನೆಯಿಂದಲೇ ಹೊತ್ತುಕೊಂಡು ಹೋಗಿ ಎನ್ನುತ್ತದೆ. ಮುಟ್ಟಿನ ಪ್ಯಾಡುಗಳ ಮೇಲಿನ ತೆರಿಗೆಯನ್ನು ಕೀನ್ಯಾ 2004ರಲ್ಲೇ ತೆಗೆದುಹಾಕಿತು. ನಮ್ಮಲ್ಲಿ ಅದು ಹೋದದ್ದು 2018ರಲ್ಲಿ. ಶಾಲೆಯ ಹೆಣ್ಣುಮಕ್ಕಳಿಗೆ ಪ್ಯಾಡು ಉಚಿತವಾಗಿ ಕೊಡಬೇಕೆಂದು 2017ರಲ್ಲಿ ಅಲ್ಲಿ ಕಾನೂನನ್ನೇ ಮಾಡಿದರು. ಇಂಥ ದೇಶವನ್ನು ಏನೂ ಸಿಗದ ಕಾಡೆಂದು ಚಿತ್ರಿಸುವ ಸಲಹೆ ಎಷ್ಟು ಕಾಳಜಿಯಿಂದ ಹೇಳಿದರೂ ಅದರೊಳಗೆ ಒಂದು ತಾತ್ಸಾರ ಇದ್ದೇ ಇದೆ.

ಬೇಕಾದ ಮಾತುಗಳು ಬೇರೆ ಇದ್ದವು. ಜುಲೈ ತಿಂಗಳಲ್ಲಿ ನೈರೋಬಿಯಲ್ಲಿ ಚಳಿ, ಬೆಳಗಿನ ಹೊತ್ತು ಸ್ವೆಟರ್ ಇಲ್ಲದೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಆಫ್ರಿಕಾ ಎಂದರೆ ಬೇಗೆ ಎಂದು ಹತ್ತಿ ಸೀರೆಗಳನ್ನೇ ತುಂಬಿಕೊಂಡು ಹೋದವರಿಗೆ ಗತಿಯೇನು? ಮೊಂಬಾಸಾ, ಲಾಮು ಕಡೆಯ ಹಳೇಪೇಟೆಗಳಲ್ಲಿ ಮುಸ್ಲಿಮರು ಹೆಚ್ಚು; ನಮ್ಮ ಸಲ್ವಾರ್ ಕಮೀಜ್, ಸೀರೆ ಅಲ್ಲಿ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ದುಡ್ಡನ್ನು ಸೊಂಟಕ್ಕೆ ಕಟ್ಟಿಕೊಳ್ಳಿ ಎಂದು ಪುಸ್ತಕ ಹೇಳುತ್ತದೆ. ಆದರೆ 2007ರಿಂದ ಅಲ್ಲಿ ‘ಎಂ-ಪೆಸಾ’ ಎಂಬ ಫೋನಿನ ಹಣ ಬಂದು, ಸೊಪ್ಪು ಮಾರುವಾಕೆಯೂ ಫೋನಿನಲ್ಲೇ ಕಾಸು ತೆಗೆದುಕೊಳ್ಳುತ್ತಾಳೆ. ನಮ್ಮಲ್ಲಿ ಈ ಅಭ್ಯಾಸ ಬರುವ ಎಷ್ಟೋ ವರ್ಷ ಮೊದಲೇ ಅಲ್ಲಿ ಬಂತು. ಆ ಹೆಸರಿನ ‘ಪೆಸಾ’ ನಮ್ಮ ಪೈಸೆಯೇ.

ಸಸ್ಯಾಹಾರಿಗಳ ಬಗ್ಗೆ ಈ ಪುಸ್ತಕಗಳಿಗೆ ಕನಿಕರ. ಸಲಾಡು, ಆಲೂಗಡ್ಡೆ, ಹಣ್ಣಿನ ಮೇಲೆ ಹೇಗೋ ದಿನ ತಳ್ಳಿ ಎಂಬ ಧಾಟಿ. ಹೋಟೆಲಿನ ಊಟದ ಮೇಜು ಬಿಟ್ಟು ಏಳದವರ ಮಾತು ಇದು. ತಂಗಿಯ ಮನೆಗೆ ಕೆಲಸಕ್ಕೆ ಬರುತ್ತಿದ್ದಾಕೆ ನನ್ನನ್ನು ಒಂದು ದಿನ ಸಂತೆಗೆ ಕರೆದುಕೊಂಡು ಹೋದಳು. ‘ಸುಕುಮಾ ವಿಕಿ’ ಎಂಬ ಸೊಪ್ಪಿನ ಕಟ್ಟು ತೆಗೆದುಕೊಂಡರೆ ಮಾರುವಾಕೆ ತಾನೇ ಅದನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಕೊಡುತ್ತಾಳೆ. ವಾರವನ್ನು ಮುಂದಕ್ಕೆ ತಳ್ಳು ಎಂದು ಆ ಹೆಸರಿನ ಅರ್ಥ. ಸಂಬಳ ಮುಗಿದ ದಿನಗಳ ಸೊಪ್ಪು. ಅದರ ಜೊತೆಗೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮೆಕ್ಕೆಜೋಳ ಮತ್ತು ಕಾಳು ಬೇಯಿಸಿದ ಗಿಥೇರಿ, ತೆಂಗಿನಹಾಲಿನ ಹುರುಳಿಕಾಯಿ ಬೀಜದ ಪಲ್ಯ, ಚಪಾತಿ, ಹಾಲು ಹಾಕಿ ಕುದಿಸಿದ ಚಾಯ್ ಎಲ್ಲವೂ ಉಂಟು. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ವಿಂಬಿ’. ಕೈಯಲ್ಲಿ ತೆಗೆದು ನೋಡಿದರೆ ನಮ್ಮ ರಾಗಿ! ಅದರ ಗಂಜಿಗೆ ಅಲ್ಲಿ ‘ಉಜಿ’ ಎನ್ನುತ್ತಾರೆ, ಮಕ್ಕಳಿಗೆ, ಬಾಣಂತಿಯರಿಗೆ ಕೊಡುತ್ತಾರೆ. ರಾಗಿ ಮೊದಲು ಬೆಳೆದದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು. ನಾವು ಮಂಡ್ಯ, ಹಾಸನ, ಕೋಲಾರದ ಸ್ವಂತ ಆಸ್ತಿ ಎಂದುಕೊಂಡಿರುವ ಧಾನ್ಯ ಅವರ ಹೊಲದ ಮಗಳು. ‘ಏನು ತಿನ್ನಬಾರದು’ ಎಂಬ ಪಟ್ಟಿ ಹಿಡಿದು ಹೊರಟವರಿಗೆ ಈ ನೆಂಟಸ್ತಿಕೆ ಗೊತ್ತಾಗುವ ದಾರಿಯಿಲ್ಲ.

ಪುಸ್ತಕದ ಕೊನೆಯ ಶಬ್ದಪಟ್ಟಿಯನ್ನೂ ವಿಮರ್ಶೆಗೆ ಹಚ್ಚಬೇಕು. ಎಷ್ಟು ಬೆಲೆ, ಕಡಿಮೆ ಮಾಡು, ತೆಗೆದುಕೊಂಡು ಬಾ, ಬೇಗ, ಬೇಡ. ಸ್ವಾಹಿಲಿಯಂಥ ಸಂಪನ್ನ ಭಾಷೆಯಿಂದ ಯಜಮಾನಿಕೆಯ ಮಾತುಗಳನ್ನಷ್ಟೇ ಹೆಕ್ಕಿದ್ದಾರೆ. ಪರರ ಮನೆ ಬಾಗಿಲಲ್ಲಿ ನಿಂತು ‘ಹೋಡಿ’ ಎಂದು ಕೂಗಬೇಕು, ಒಳಗಿನಿಂದ ‘ಕರಿಬು’ ಎಂದರೆ ಒಳಗೆ ಹೋಗಬೇಕು. ಯಾರಿಗಾದರೂ ಕಷ್ಟ ಬಂದರೆ, ಕಾಲು ಎಡವಿದರೂ ಸರಿ, ಸುತ್ತಲಿದ್ದವರು ‘ಪೋಲೆ’ ಎಂದು ಮರುಗುತ್ತಾರೆ. ಕರಾವಳಿಯ ಕಡೆ ಹಿರಿಯರನ್ನು ಕಂಡರೆ ಕಿರಿಯರು ‘ಶಿಕಾಮೂ’ ಎನ್ನುತ್ತಾರೆ. ನಿಮ್ಮ ಕಾಲು ಹಿಡಿಯುತ್ತೇನೆ ಎಂದು ಅದರ ಮೂಲದ ಅರ್ಥ. ಹಬ್ಬದ ದಿನ ಹಿರಿಯರ ಕಾಲಿಗೆರಗುವ ನಮಗೆ ಇದಕ್ಕಿಂತ ಹತ್ತಿರದ ಮಾತು ಯಾವುದಿದೆ? ಮಾರುಕಟ್ಟೆಯ ಹೆಂಗಸನ್ನು ‘ಮಾಮಾ’ ಎನ್ನಬೇಕು, ಅಮ್ಮ ಎಂದು ಅರ್ಥ. ‘ದಾದಾ’ ಎಂದರೆ ಸೋದರಿ. ಸೋದರಮಾವನನ್ನು ಮಾಮ ಎನ್ನುವ, ಪುಂಡನನ್ನು ದಾದಾ ಎನ್ನುವ ನಮ್ಮ ನಾಲಿಗೆಗೆ ಇದು ಕೂಡಲೇ ಒಗ್ಗುವುದಿಲ್ಲ, ನಿಜ. ಇಬ್ಬರೂ ನಕ್ಕರೆ ಅಲ್ಲಿಂದ ಮಾತು ಶುರುವಾಗುತ್ತದೆ. ಗಡಿಯಾರದ ಲೆಕ್ಕವನ್ನಾದರೂ ಹೇಳಬಹುದಿತ್ತು. ಸ್ವಾಹಿಲಿಯಲ್ಲಿ ಹೊತ್ತು ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು, ಎಂಟು ಎಂದರೆ ಎರಡು. ಆರನ್ನು ಕಳೆದು ಅರ್ಥ ಮಾಡಿಕೊಳ್ಳದಿದ್ದರೆ ಗಾಡಿ ತಪ್ಪಿದಂತೆಯೇ.

ಇಲ್ಲಿಯವರೆಗೆ ಬಿಳಿಯರ ಪುಸ್ತಕಗಳನ್ನು ಬೈದದ್ದಾಯಿತು. ಅಚ್ಚಾಗದ ಇನ್ನೊಂದು ಸಲಹೆಯ ಪುಸ್ತಕ ಇದೆ, ನಮ್ಮವರ ಬಾಯಿಯಲ್ಲಿ. ನೈರೋಬಿಯಲ್ಲಿ ನೆಲೆಸಿದ ಭಾರತೀಯರ ಮನೆಗಳಿಗೆ ಹೋದಾಗೆಲ್ಲ ನನಗೆ ಅದರಿಂದ ಒಂದೊಂದು ಅಧ್ಯಾಯ ಸಿಗುತ್ತಿತ್ತು. ಕೆಲಸದವರ ಎದುರು ಬೀರು ತೆಗೆಯಬೇಡಿ, ಅವರ ತಟ್ಟೆ ಲೋಟ ಬೇರೆ ಇಡಿ, ಅವರ ಜೊತೆ ಸಂತೆಗೆ ಹೋಗಬೇಡಿ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ಊಟ ಬಡಿಸುತ್ತಲೇ ಹೇಳುತ್ತಾರೆ. ಆ ಭಯಕ್ಕೆ ಕಾರಣವೇ ಇಲ್ಲ ಎನ್ನಲಾರೆ. 1972ರಲ್ಲಿ ಪಕ್ಕದ ಉಗಾಂಡಾದಿಂದ ಇದಿ ಅಮೀನ್ ಏಷ್ಯಾದವರನ್ನು ಮೂರು ತಿಂಗಳಲ್ಲಿ ಓಡಿಸಿದ. 1982ರ ಆಗಸ್ಟ್ 1ರಂದು ಕೀನ್ಯಾದಲ್ಲೇ ಕ್ಷಿಪ್ರಕ್ರಾಂತಿಯ ಪ್ರಯತ್ನ ನಡೆದಾಗ ನೈರೋಬಿಯಲ್ಲಿ ಭಾರತೀಯರ ಅಂಗಡಿಗಳನ್ನು ದೋಚಿದರು, ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. 2013ರಲ್ಲಿ ಅಲ್ಲಿನ ವೆಸ್ಟ್‌ಗೇಟ್ ಮಾಲ್ ಮೇಲೆ ಉಗ್ರರ ದಾಳಿಯಾಗಿ 67 ಜನ ಸತ್ತರು. ಇದನ್ನೆಲ್ಲ ಕಂಡು ಕೇಳಿದವರಿಗೆ ‘ಹೆದರಬೇಡಿ’ ಎನ್ನಲು ಮೂರು ವಾರ ಇದ್ದು ಬಂದ ನಾನು ಯಾರು?

ಆದರೂ ಒಂದು ಭೇದ ಮಾಡಬೇಕಾಗುತ್ತದೆ. ರಾತ್ರಿ ಒಬ್ಬರೇ ನಡೆಯಬೇಡಿ, ದಟ್ಟಣೆಯಲ್ಲಿ ಕಾರಿನ ಕಿಟಕಿ ಇಳಿಸಿ ಫೋನ್ ಹಿಡಿಯಬೇಡಿ ಎಂಬುದು ಜಾಗದ, ಹೊತ್ತಿನ ಬಗೆಗಿನ ಎಚ್ಚರಿಕೆ. ಅದನ್ನು ಅಲ್ಲಿನ ಜನರೂ ಪಾಲಿಸುತ್ತಾರೆ. ‘ಅವರ ಲೋಟ ಬೇರೆ ಇಡಿ’ ಎಂಬುದು ಯಾವ ಕಳ್ಳತನವನ್ನೂ ತಡೆಯುವುದಿಲ್ಲ. ಆ ಮಾತು ಹಡಗು ಹತ್ತಿ ನಮ್ಮ ಜೊತೆಗೇ ಹೋದದ್ದು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಳಿ ಹಾಕಲು ಬ್ರಿಟಿಷರು ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಸುಮಾರು 2,500 ಮಂದಿ ಅಲ್ಲೇ ಸತ್ತರು. ಕೂಲಿಗಳಾಗಿ, ಕಿರಾಣಿ ಅಂಗಡಿಯವರಾಗಿ ಬೆವರು ಹರಿಸಿದವರ ಮಕ್ಕಳು ಮೊಮ್ಮಕ್ಕಳನ್ನು 2017ರಲ್ಲಿ ಕೀನ್ಯಾ ಸರ್ಕಾರ ತನ್ನ ದೇಶದ 44ನೆಯ ಬುಡಕಟ್ಟು ಎಂದು ಅಧಿಕೃತವಾಗಿ ಸೇರಿಸಿಕೊಂಡಿತು. ಅವರು ನಮ್ಮವರನ್ನು ಕುಲಕ್ಕೆ ಸೇರಿಸಿಕೊಂಡಿದ್ದಾರೆ, ನಮ್ಮವರಲ್ಲಿ ಕೆಲವರು ಇನ್ನೂ ಲೋಟ ಬೇರೆ ಇಡುತ್ತಿದ್ದಾರೆ.

ಈ ಸಾಹಿತ್ಯವನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಅದನ್ನು ತಿರುಗಿಸಿ ಓದಬೇಕು. ಪೂರ್ವ ಆಫ್ರಿಕಾದ ಒಬ್ಬ ತಾಯಿ, ಬೆಂಗಳೂರಿಗೆ ಓದಲು ಹೊರಟ ಮಗಳಿಗೆ ಏನು ಬುದ್ಧಿ ಹೇಳಬೇಕು? 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಒಬ್ಬ ಯುವಕನ ಕಾರು ಹಾಯ್ದು ಒಬ್ಬ ಹೆಂಗಸು ಸತ್ತಳು. ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಏನೇನೂ ಸಂಬಂಧವಿಲ್ಲದ, ಟಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಕಾರಿಗೆ ಬೆಂಕಿ ಹಚ್ಚಿತು. ಆಕೆಯ ಬಣ್ಣ ಅಷ್ಟೇ ಸಾಕಾಯಿತು. ನಾವು ಓದುವ ಪುಸ್ತಕಗಳಲ್ಲಿ ಆಫ್ರಿಕಾದ ಜನರಿಗೆ ಮುಖ ಬರೆಯದೆ ಬಿಟ್ಟದ್ದಕ್ಕೂ ಆ ಸಂಜೆಗೂ ಸಂಬಂಧವಿಲ್ಲ ಎನ್ನಲು ನನ್ನಿಂದ ಆಗುವುದಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಡೆ ಸಿದ್ದಿಯರು ತಲೆತಲಾಂತರದಿಂದ ಇದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. ಕನ್ನಡವನ್ನೂ ಕೊಂಕಣಿಯನ್ನೂ ಮಾತಾಡುವ ಅವರನ್ನು ಪೇಟೆಯ ಜನ ‘ಯಾವ ದೇಶದವರು’ ಎಂದು ಕೇಳುವುದು ಇನ್ನೂ ನಿಂತಿಲ್ಲ.

ಹಾಗಾದರೆ ಒಳ್ಳೆಯ ಬುದ್ಧಿಮಾತು ಹೇಗಿರಬೇಕು? ನನ್ನ ಅಳತೆಗೋಲು ಇಷ್ಟೇ: ಅದನ್ನು ಓದಿದ ಹೆಂಗಸು ಹೊರಗೆ ಹೊರಡುವಂತಾಗಬೇಕು, ದಾರಿಯಲ್ಲಿ ಯಾರನ್ನು ಕೇಳಬಹುದು ಎಂದು ಅವಳಿಗೆ ತಿಳಿದಿರಬೇಕು. ನೈರೋಬಿಗೆ ಹೋದವರಿಗೆ ಪುಸ್ತಕಗಳು ಸಿಂಹದ ಉದ್ಯಾನ ತೋರಿಸುತ್ತವೆ. ಅದನ್ನೂ ನೋಡಿ. ನಾನು ಮೊದಲು ಕಳಿಸುವುದು ಕರೂರಾ ಕಾಡಿಗೆ. ಊರೊಳಗಿನ ಈ ಕಾಡನ್ನು ಕಟ್ಟಡದವರ ಬಾಯಿಂದ ಉಳಿಸಲು 1999ರಲ್ಲಿ ವಂಗಾರಿ ಮಾಥಾಯ್ ಮತ್ತು ಅವರ ಜೊತೆಗಾರರು ಏಟು ತಿಂದರು. 1977ರಲ್ಲಿ ಹಳ್ಳಿಯ ಹೆಂಗಸರನ್ನು ಕಟ್ಟಿಕೊಂಡು ಗಿಡ ನೆಡಲು ಹೊರಟ ಈ ತಾಯಿಗೆ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮನೆಯಲ್ಲೇ ಇರು ಎಂಬ ಬುದ್ಧಿಮಾತನ್ನು ಅವರೂ ಬೇಕಾದಷ್ಟು ಕೇಳಿದ್ದವರೇ. ಈಗ ಅಲ್ಲಿ ಹೆಂಗಸರು ಹಗಲು ಹೊತ್ತು ನಿರಾಳವಾಗಿ ನಡೆದಾಡುತ್ತಾರೆ. ನೀವು ಹೋದರೆ ಸ್ವೆಟರ್ ಹಾಕಿಕೊಳ್ಳಿ, ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ. ಎದುರು ಬಂದವರಿಗೆ ‘ಹಬಾರಿ’, ಅಂದರೆ ಏನು ಸಮಾಚಾರ, ಎನ್ನಿ. ಅವರು ನಿಂತು ಉತ್ತರ ಹೇಳುತ್ತಾರೆ, ಆಮೇಲೆ ನಿಮ್ಮ ಸಮಾಚಾರ ಕೇಳುತ್ತಾರೆ.